ಬನದ ತರಗೆಲೆಯೂ ನೆಲಸಿಳ್ಳಾರವೂ

ಹೋದ ಭಾನುವಾರ ತಮ್ಮನ ಮಗ ಬೆಂಗಳೂರಿನಿಂದ ಫೋನು ಮಾಡಿದ್ದ. "ದೊಡ್ಡಪ್ಪ, ಬನದ ಜೀರ್ಣೋದ್ಧಾರದ ಅಂದಾಜುಪಟ್ಟಿ ಬಂದಿದೆ. ನೀವೊಮ್ಮೆ ನೋಡಿ ಹೂಂ ಎಂದರೆ ಎಲ್ಲರಿಂದಲೂ ಹಣ ಸಂಗ್ರಹಿಸಲು ಆರಂಭಿಸುತ್ತೇವೆ" ಎಂದ. ಪಟ್ಟಿಯನ್ನು ನೋಡಿದೆ. ನಾಗನ ಕಲ್ಲಿಗೆ ಕರಿಯ ಗ್ರಾನೈಟಿನ ಕಟ್ಟೆ, ಕಟ್ಟೆಯ ಸುತ್ತ ಬನದ ಗಡಿಯವರೆಗೂ ಕಾಂಕ್ರೀಟಿನ ನೆಲ, ಅದರ ಮೇಲೆ ಇಂಟರ್‌ಲಾಕ್, ನಾಲ್ಕೂ ಬದಿಗೆ ಆವರಣಗೋಡೆ, ಸ್ಟೀಲಿನ ಗೇಟು, ಎರಡು ದೊಡ್ಡ ದೀಪ. ಕೊನೆಯಲ್ಲಿ ನನ್ನ ಸಮಾಧಾನಕ್ಕೆಂದೇ ಬರೆದಂತಿದ್ದ ಒಂದು ಸಾಲು: ಮರಗಳನ್ನು ಕಡಿಯುವುದಿಲ್ಲ, ಕಸವನ್ನು ಮಾತ್ರ ತೆಗೆಯುವುದು.

ಆ 'ಕಸ' ಎಂಬ ಎರಡಕ್ಷರದ ಮೇಲೆ ನನ್ನ ಕಣ್ಣು ನಿಂತುಬಿಟ್ಟಿತು. ಫೋನಿನಲ್ಲಿ ಹೇಳಿದರೆ ಮುದುಕನ ಹಟವಾಗಿ ಕೇಳಿಸೀತು, "ಬರೆದು ತಿಳಿಸುತ್ತೇನೆ ಮಗಾ" ಎಂದೆ. ಮನೆಯ ವಿಷಯವನ್ನು ಶಿಷ್ಯರ ಮುಂದೆ ಏಕೆ ಇಡುತ್ತಿದ್ದಾರೆ ಎಂದು ಬಂಧುಗಳು ಬೇಸರಿಸಬಾರದು. ಬನವಿರುವ ಮನೆ ನಮ್ಮದೊಂದೇ ಅಲ್ಲ. ನನ್ನ ಬಳಿ ಕಲಿತವರಲ್ಲಿ ಅನೇಕರು ಇಂದು ತಂತಮ್ಮ ಕುಟುಂಬದ ಬನಕ್ಕೆ ಮುಂಬಯಿಯಿಂದಲೋ ದುಬಾಯಿಯಿಂದಲೋ ಹಣ ಕಳುಹಿಸುವ ವಯಸ್ಸಿನವರಾಗಿದ್ದಾರೆ. ಆದ್ದರಿಂದ ಇದು ಅವರಿಗೂ ಬರೆದ ಪತ್ರವೆಂದೇ ಭಾವಿಸಬೇಕು.

ಮೊದಲು ಆ ಕಸದಲ್ಲಿ ಬದುಕುವ ಒಂದು ಹಕ್ಕಿಯ ವಿಷಯ.

ಕೆಮ್ಮಣ್ಣಿನಲ್ಲಿ ಬೆಳೆದವರಿಗೆ ನಮ್ಮ ಬನದ ಪರಿಚಯ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಎರಡು ಮಾತು. ಸಂತೆಕಟ್ಟೆಯಿಂದ ಪಶ್ಚಿಮಕ್ಕೆ ಬಂದರೆ ನಮ್ಮೂರು. ಹೆಸರೇ ಹೇಳುವಂತೆ ಕೆಂಪು ಮಣ್ಣಿನ ನೆಲ. ಮುಂದೆ ಸ್ವರ್ಣಾ ನದಿ, ಅದರ ಕುದ್ರುಗಳು, ಅತ್ತ ಬೆಂಗ್ರೆ, ಕಡಲು. ತೂಗುಸೇತುವೆಯನ್ನು ನೋಡಲು ಬರುವ ಪ್ರವಾಸಿಗರು ಈಗ ಊರಿನ ಹೆಸರನ್ನು ತಿಳಿದಿದ್ದಾರೆ. ನಮ್ಮ ಬನವಿರುವುದು ಮನೆಯ ಹಿಂದಿನ ಮಜಲಿನ ತುದಿಯಲ್ಲಿ. ಹೆಚ್ಚೆಂದರೆ ಹನ್ನೆರಡು ಸೆಂಟ್ಸ್ ಜಾಗ. ಎರಡು ಹೊನ್ನೆ, ಒಂದು ಹಾಳೆಮರ, ಬೈನೆ, ಕಾಸರಕ, ಮುದಿಯಾದ ಒಂದು ಸುರಗಿ, ಇವುಗಳನ್ನು ಹೆಣೆದು ಹಬ್ಬಿದ ಬೀಳುಗಳು. ಕೆಳಗೆ ಕೇಪಳದ ಪೊದೆ, ಅದರ ಕೆಳಗೆ ಮೊಣಕಾಲಿನ ಕೆಳಭಾಗ ಮುಳುಗುವಷ್ಟು ತರಗೆಲೆ. ಮಟಮಟ ಮಧ್ಯಾಹ್ನವೂ ಅಲ್ಲಿ ಮುಸ್ಸಂಜೆಯ ಬೆಳಕು. ನಾಗರಪಂಚಮಿಗೆ ತನು ಎರೆಯುವ ದಿನ, ಮತ್ತೆ ಆಶ್ಲೇಷಾ ಬಲಿಯೋ ತಂಬಿಲವೋ ಇದ್ದರೆ ಆ ದಿನ, ಇಷ್ಟು ಬಿಟ್ಟರೆ ಅಲ್ಲಿಗೆ ಯಾರೂ ಕಾಲಿಡುವಂತಿರಲಿಲ್ಲ. ಬಿದ್ದ ಒಣ ಕಡ್ಡಿಯನ್ನೂ ಮನೆಗೆ ತರಬಾರದು. ಅಜ್ಜಿಯ ಕಟ್ಟಪ್ಪಣೆ ಅದು.

ಅಲ್ಲಿನ ಹಕ್ಕಿಯನ್ನು ನಾನು ಕಣ್ಣಿನಿಂದ ನೋಡುವುದಕ್ಕೆ ಮುಂಚೆ ಕಿವಿಯಿಂದ ಬಲ್ಲೆ. ಮೇ ತಿಂಗಳ ಕೊನೆ, ಒಂದೆರಡು ಮಳೆ ಬಿದ್ದು ಮಣ್ಣು ತಣಿದಿರುವ ಸಮಯ. ಬೆಳಗಿನ ಜಾವ ಮಡಿವಾಳ ಹಕ್ಕಿ ಹಾಡಿ ಮುಗಿಸುವ ಹೊತ್ತಿಗೆ ಬನದ ಒಳಗಿನಿಂದ ಬೇರೊಂದು ಹಾಡು ಏಳುತ್ತದೆ. ಗಟ್ಟಿಯಾದರೂ ಕರ್ಕಶವಲ್ಲ. ಒಂದು ಸೊಲ್ಲು, ಅದನ್ನೇ ಎರಡು ಮೂರು ಬಾರಿ ಎತ್ತಿ, ತುಸು ನಿಲುಗಡೆ, ಬಳಿಕ ಮತ್ತೊಂದು ಸೊಲ್ಲು. ಯಕ್ಷಗಾನದಲ್ಲಿ ಭಾಗವತರು ಪದದ ಒಂದು ಸಾಲನ್ನು ಹಿಡಿದು ಮತ್ತೆ ಮತ್ತೆ ಹೊಸದಾಗಿ ಎತ್ತುವುದನ್ನು ಕೇಳಿದವರಿಗೆ ಈ ಕ್ರಮ ಸುಲಭವಾಗಿ ಹಿಡಿಯುತ್ತದೆ. ನಡುವೆ ಪಿಕಳಾರದ ಕೂಗು ಕೇಳುತ್ತದೆ, ಸಿಂಪಿಗನ ಟುವೀ ಟುವೀ ಕೇಳುತ್ತದೆ. ಅಲ್ಲಿ ಪಿಕಳಾರವೂ ಇಲ್ಲ, ಸಿಂಪಿಗನೂ ಇಲ್ಲ, ಎಲ್ಲವೂ ಈ ಒಬ್ಬನ ಅನುಕರಣೆ. ಅಜ್ಜಿ ಇದನ್ನು "ನಾಗನ ಹಕ್ಕಿ" ಎಂದು ಹೇಳಿ ಮುಗಿಸುತ್ತಿದ್ದಳು. ನೋಡಲು ಹೋಗಬಾರದು ಎಂಬುದು ಆ ಮಾತಿನ ಅರ್ಥ.

ಶಿಕ್ಷಕನಾದ ಮೇಲೆ ಗ್ರಂಥಾಲಯದಿಂದ ಸಾಲಿಂ ಅಲಿಯವರ 'ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್' ತಂದು ಹಾಳೆ ತಿರುವಿದಾಗ ಒಂದು ಚಿತ್ರದಲ್ಲಿ ಅದು ಸಿಕ್ಕಿತು. 1941ರಲ್ಲಿ ಮೊದಲು ಪ್ರಕಟವಾದ ಆ ಪುಸ್ತಕದ ಋಣ ನನ್ನಂತಹ ಎಷ್ಟೋ ಜನ ಹಳ್ಳಿಯ ಮಾಸ್ತರರ ಮೇಲಿದೆ. ಅಲ್ಲಿ ಇದಕ್ಕೆ 'ವೈಟ್ ಥ್ರೋಟೆಡ್ ಗ್ರೌಂಡ್ ಥ್ರಷ್' ಎಂಬ ಹೆಸರಿತ್ತು. ಈಗ 'ಆರೆಂಜ್ ಹೆಡೆಡ್ ಥ್ರಷ್' ಎನ್ನುತ್ತಾರೆ. ಕನ್ನಡದಲ್ಲಿ ನಾನು ಇದನ್ನು ನೆಲಸಿಳ್ಳಾರ ಎಂದು ಕರೆಯುತ್ತೇನೆ. ಮೈನಾಕ್ಕಿಂತ ಚಿಕ್ಕದು, ಕೊಕ್ಕಿನ ತುದಿಯಿಂದ ಬಾಲದ ತುದಿಗೆ ಸುಮಾರು 21 ಸೆಂಟಿಮೀಟರ್. ತಲೆ, ಎದೆ, ಹೊಟ್ಟೆ ಮಾಗಿದ ಕಿತ್ತಳೆಯ ಬಣ್ಣ. ಬೆನ್ನು ನೀಲಿ ಬೆರೆತ ಬೂದು. ಹೆಗಲಿನ ಮೇಲೊಂದು ಬಿಳಿಯ ಮಚ್ಚೆ. ದಕ್ಷಿಣ ಭಾರತದ ಈ ಹಕ್ಕಿಯ ಗಂಟಲೂ ಕೆನ್ನೆಯೂ ಬಿಳಿ, ಆ ಬಿಳಿಯ ಮೇಲೆ ಕಣ್ಣಿನಿಂದ ಕೆಳಗೆ ಇಳಿಯುವ ಎರಡು ಕಪ್ಪು ಪಟ್ಟೆಗಳು. ಹಿಮಾಲಯದ ಕಡೆಯ ಇದರ ದಾಯಾದಿಗೆ ಆ ಪಟ್ಟೆಗಳಿಲ್ಲ, ಮುಖವೆಲ್ಲ ಕಿತ್ತಳೆ. ಹೆಣ್ಣಿನ ಬಣ್ಣಗಳು ಸ್ವಲ್ಪ ಮಾಸಲು, ಬೆನ್ನಿನಲ್ಲಿ ಕಂದು ಛಾಯೆ.

ಇದರ ವೈಜ್ಞಾನಿಕ ನಾಮಧೇಯ ಜಿಯೋಕಿಚ್ಲಾ ಸಿಟ್ರಿನಾ. ಮೊದಲು ವರ್ಣಿಸಿದವರು ಇಂಗ್ಲೆಂಡಿನ ಲೇಥಂ, 1790ರಲ್ಲಿ. ನಮ್ಮ ಬಿಳಿ ಗಂಟಲಿನ ಉಪಜಾತಿಗೆ 1828ರಲ್ಲಿ ಜಾರ್ಡಿನ್ ಮತ್ತು ಸೆಲ್ಬಿ ಎಂಬಿಬ್ಬರು ಸಯನೋಟಸ್ ಎಂದು ಹೆಸರಿಟ್ಟರು. ನೀಲಿ ಬೆನ್ನಿನದು ಎಂದು ಅರ್ಥ. ಗ್ರೀಕಿನಲ್ಲಿ ಜಿಯೋ ಎಂದರೆ ನೆಲ, ಕಿಚ್ಲಾ ಎಂದರೆ ಸಿಳ್ಳಾರದ ಜಾತಿಯ ಹಕ್ಕಿ. ನೆಲದ ಹಕ್ಕಿ! ನಾನು ಇಲ್ಲಿ ಹೇಳಬೇಕೆಂದಿರುವುದು ಆ ಒಂದು ಪದದಲ್ಲಿಯೇ ಅಡಗಿದೆ.

ಸಿಳ್ಳಾರಗಳಲ್ಲಿ ಹೆಚ್ಚು ಹೆಸರಾದುದು ಆಗುಂಬೆ, ಕುದುರೆಮುಖದ ಹಳ್ಳಗಳ ಬಳಿ ಹಾಡುವ ದೊಡ್ಡ ನೀಲಿ ಹಕ್ಕಿ. ಗೊತ್ತುಗುರಿಯಿಲ್ಲದ ಅದರ ಶಿಳ್ಳೆಯನ್ನು ಕೇಳಿ ಇಂಗ್ಲಿಷರು ಅದಕ್ಕೆ ಶಿಳ್ಳೆ ಹಾಕುವ ಶಾಲಾಹುಡುಗ ಎಂದೇ ಹೆಸರಿಟ್ಟರು. ಮೂವತ್ತೈದು ವರ್ಷ ಹಿಂದಿನ ಬೆಂಚಿನ ಶಿಳ್ಳೆಗಳನ್ನು ಕೇಳಿದ ನನಗೆ ಆ ಹೆಸರಿನ ಬಗ್ಗೆ ತಕರಾರಿಲ್ಲ. ಆದರೆ ಅದು ಘಟ್ಟದ ಹಕ್ಕಿ, ಹರಿಯುವ ನೀರು ಬೇಕು. ನಮ್ಮ ನೆಲಸಿಳ್ಳಾರಕ್ಕೆ ಬೇಕಾದದ್ದು ನೆರಳು, ತೇವ, ಕೊಳೆಯುತ್ತಿರುವ ಎಲೆ. ಇಷ್ಟಿದ್ದರೆ ಕಾಡಿನ ಹಕ್ಕಿಯಾದರೂ ಅದು ಕಡಲಿಗೆ ಕೂಗಳತೆಯ ದೂರದಲ್ಲಿ ಬಾಳುತ್ತದೆ. ಬನ, ಬನದಿಂದ ಅಡಿಕೆ ತೋಟ, ತೋಟದಿಂದ ಹಲಸು ಮಾವುಗಳ ಹಿತ್ತಿಲು, ಅಲ್ಲಿಂದ ಮತ್ತೊಂದು ಮನೆಯ ಬನ. ಹೀಗೆ ನೆರಳಿನ ಸರಪಳಿಯೊಂದು ಇದ್ದುದರಿಂದಲೇ ಅದು ನಮ್ಮೂರಿನ ಹಕ್ಕಿಯಾಗಿತ್ತು.

ಇದರ ಊಟದ ಕ್ರಮವನ್ನು ನಾನು ಬನದ ಹೊರಗಿನ ಕಟ್ಟಪುಣಿಯ ಮೇಲೆ ಕುಳಿತು ಎಷ್ಟೋ ಬೆಳಗುಗಳಲ್ಲಿ ನೋಡಿದ್ದೇನೆ. ಎರಡು ಹೆಜ್ಜೆ ಕುಪ್ಪಳಿಸುತ್ತದೆ, ನಿಲ್ಲುತ್ತದೆ, ತಲೆಯನ್ನು ಒಂದು ಬದಿಗೆ ಓರೆಮಾಡುತ್ತದೆ. ಮರುಕ್ಷಣ ಕೊಕ್ಕಿನಿಂದ ಎಲೆಯೊಂದನ್ನು ಹಿಡಿದು ಪಕ್ಕಕ್ಕೆ ಒಗೆಯುತ್ತದೆ. ನಾವು ಪುಸ್ತಕದ ಹಾಳೆ ತಿರುವುವಂತೆ ಅದು ಎಲೆಗಳನ್ನು ತಿರುವುತ್ತಾ ಸಾಗುತ್ತದೆ. ಕೆಳಗೆ ಎರೆಹುಳ, ಬಸವನಹುಳ, ಗೊಬ್ಬರದ ಹುಳದ ಮರಿ, ಗೆದ್ದಲು, ಇರುವೆ. ಮೇಲೆ ಗೋಳಿ, ಅತ್ತಿಯ ಹಣ್ಣು ಬಿದ್ದಿದ್ದರೆ ಅದೂ ಆದೀತು. ನಾವು ಕೆಮ್ಮಿದರೆ ಸಾಕು, ಸದ್ದಿಲ್ಲದೆ ಹತ್ತಿರದ ಕೊಂಬೆಗೆ ಹಾರಿ ಕಲ್ಲಿನಂತೆ ಕುಳಿತುಬಿಡುತ್ತದೆ. ಅಷ್ಟು ಕಣ್ಣಿಗೆ ಕುಕ್ಕುವ ಬಣ್ಣದ ಹಕ್ಕಿ ಆ ಮಬ್ಬಿನಲ್ಲಿ ಹೇಗೆ ಮಾಯವಾಗುತ್ತದೆ ಎಂಬುದು ನನಗೆ ಇಂದಿಗೂ ಸೋಜಿಗ.

ಇಲ್ಲಿ ಒಂದು ಹಳೆಯ ಘಟನೆಯನ್ನು ಹೇಳಲೇಬೇಕು. 1983ರ ಮಳೆಗಾಲ, ಏಳನೆಯ ತರಗತಿ. ಒಬ್ಬ ಹುಡುಗ ಉಪ್ಪಳಿಗೆ ಎಲೆಯಲ್ಲಿ ಸುತ್ತಿಕೊಂಡು ಸತ್ತ ನೆಲಸಿಳ್ಳಾರವನ್ನು ತಂದು ನನ್ನ ಮೇಜಿನ ಮೇಲಿಟ್ಟ. ಅವನ ಚೀಲದಲ್ಲಿ ಕವಣೆ ಇರುವುದು ಇಡೀ ಶಾಲೆಗೆ ಗೊತ್ತು. ನಾನು ಒಂದು ಮಾತನ್ನೂ ಕೇಳದೆ ಬೆತ್ತ ಎತ್ತಿದೆ. ಆರು ಪೆಟ್ಟು ಬಿದ್ದ ಬಳಿಕ ಅವನು, "ನಾನು ಹೊಡೆದದ್ದಲ್ಲ ಮಾಸ್ಟ್ರೇ, ಬೆಕ್ಕು ಹಿಡಿದದ್ದು, ಬಿಡಿಸಿ ತಂದೆ" ಎಂದ. ಹಕ್ಕಿಯ ಬೆನ್ನನ್ನು ತಿರುಗಿಸಿ ನೋಡಿದೆ, ಹಲ್ಲಿನ ಗುರುತು ಇತ್ತು. ನೆಲದಲ್ಲಿ ಮೇಯುವ ಹಕ್ಕಿಗೆ ಬೆಕ್ಕೇ ಯಮ. ಅಂದು ನಾನು ಏನೂ ಹೇಳಲಿಲ್ಲ. ಮಾಸ್ತರರು ತಪ್ಪು ಒಪ್ಪಿಕೊಳ್ಳುವ ಕಾಲ ಅದಾಗಿರಲಿಲ್ಲ ಎಂದು ಈಗ ಹೇಳಿದರೆ ಅದು ನೆಪ ಮಾತ್ರ. ಆ ಹುಡುಗ ಈಗ ಮಸ್ಕತ್ತಿನಲ್ಲಿದ್ದಾನೆ, ಇದನ್ನು ಓದುತ್ತಾನೆ ಎಂದು ಬಲ್ಲೆ. ಮಗಾ, ತಪ್ಪು ನನ್ನದು. ಅಂದು ಮಾತನ್ನು ಮರೆಸಲೆಂದೇ ನಾನು ಆ ಹಕ್ಕಿಯ ಹೊಟ್ಟೆಯನ್ನು ಬ್ಲೇಡಿನಿಂದ ಸೀಳಿ ತರಗತಿಗೆ ತೋರಿಸಿದ್ದು. ಬಸವನಹುಳದ ಚಿಪ್ಪಿನ ಚೂರು, ಇರುವೆಯ ತಲೆಗಳು, ಗೋಳಿಹಣ್ಣಿನ ಸಾಸಿವೆಯಂತಹ ಬೀಜಗಳು. ಆ ದಿನದ ಪಾಠವನ್ನು ನೆನಪಿಟ್ಟುಕೊಂಡ ಕೆಲವರು ಈಗಲೂ ಸಿಕ್ಕಾಗ ಹೇಳುತ್ತಾರೆ.

ಅದೇ ಪಾಠದಲ್ಲಿ ಗಂಟಲನ್ನೂ ತೋರಿಸಿದ್ದೆ. ಮನುಷ್ಯನ ಧ್ವನಿಪೆಟ್ಟಿಗೆ ಶ್ವಾಸನಾಳದ ಮೇಲ್ತುದಿಯಲ್ಲಿದೆ. ಹಕ್ಕಿಯದು ಕೆಳತುದಿಯಲ್ಲಿ, ನಾಳವು ಎರಡು ಕವಲಾಗಿ ಎರಡು ಶ್ವಾಸಕೋಶಗಳಿಗೆ ಹೋಗುವಲ್ಲಿ. ಹಾಡುಹಕ್ಕಿಗಳು ಆ ಎರಡು ಕವಲುಗಳನ್ನೂ ಬೇರೆ ಬೇರೆಯಾಗಿ ನುಡಿಸಬಲ್ಲವು. ಅಂದರೆ ಒಂದೇ ಗಂಟಲಿನಲ್ಲಿ ಎರಡು ಸ್ವರ. ಹಾಡನ್ನು ಅವು ಹುಟ್ಟಿನಿಂದಲೇ ಪೂರ್ತಿಯಾಗಿ ತರುವುದಿಲ್ಲ, ಕೇಳಿ ಕಲಿಯುತ್ತವೆ. ನೆಲಸಿಳ್ಳಾರವು ಸುತ್ತಲಿನ ಹಕ್ಕಿಗಳ ಕೂಗನ್ನೂ ಕಲಿತು ತನ್ನ ಹಾಡಿಗೆ ಸೇರಿಸಿಕೊಳ್ಳುತ್ತದೆ. ಈ ಜಾಣತನವೇ ಅದಕ್ಕೆ ಬೇರೆ ಕಡೆ ಮುಳುವಾಗಿದೆ. ಇಂಡೋನೇಷ್ಯಾದ ಜಾವಾ, ಬಾಲಿ ದ್ವೀಪಗಳಲ್ಲಿ ಇದನ್ನು 'ಅನಿಸ್ ಮೆರಾ' ಎಂದು ಕರೆದು ಹಾಡಿನ ಸ್ಪರ್ಧೆಗೆಂದು ಪಂಜರದಲ್ಲಿ ಸಾಕುತ್ತಾರೆ. ಅದಕ್ಕಾಗಿ ಹಿಡಿದು ಹಿಡಿದು ಅಲ್ಲಿನ ಕಾಡುಗಳಲ್ಲಿ ಅದರ ಸಂಖ್ಯೆ ಕುಸಿದಿದೆ. ನಮ್ಮಲ್ಲಿ ಕಾಡುಹಕ್ಕಿಯನ್ನು ಹಿಡಿಯುವುದೂ ಮಾರುವುದೂ ಅಪರಾಧ, ಕಾನೂನಿನ ರಕ್ಷೆ ಇದೆ. ನಮ್ಮಲ್ಲಿ ಅದಕ್ಕೆ ಪಂಜರದ ಭಯವಿಲ್ಲ, ಪೊರಕೆಯ ಭಯ.

ಪೊರಕೆಯ ವಿಷಯದಲ್ಲಿ ನಾನೇ ಮೊದಲ ಅಪರಾಧಿ. ಶನಿವಾರದ ಕೊನೆಯ ಅವಧಿಯ ಶ್ರಮದಾನ ನಿಮಗೆಲ್ಲ ನೆನಪಿರಬಹುದು. ಶಾಲೆಯ ಹಿಂಬದಿಯ ಹಲಸಿನ ಮರಗಳ ಕೆಳಗೆ ಒಂದು ಎಲೆಯೂ ಕಾಣಬಾರದು ಎಂಬುದು ನನ್ನ ಶಿಸ್ತು. ಗುಡಿಸಿ ರಾಶಿ ಹಾಕಿಸಿ ಬೆಂಕಿ ಕೊಡಿಸುತ್ತಿದ್ದೆ. ತನಿಖೆಗೆ ಬಂದ ಅಧಿಕಾರಿಗಳು ಅಂಗಳದ ನೈರ್ಮಲ್ಯವನ್ನು ಹೊಗಳಿ ಬರೆದಾಗ ಹಿಗ್ಗಿದ್ದೇನೆ. ನಾನು ಆ ಶಾಲೆಗೆ ಸೇರಿದ ಹೊಸತರಲ್ಲಿ ಆ ಹಲಸಿನ ಬುಡದಲ್ಲಿ ನೆಲಸಿಳ್ಳಾರ ಮೇಯುತ್ತಿತ್ತು. ಯಾವ ವರ್ಷದಿಂದ ಬರುವುದನ್ನು ಬಿಟ್ಟಿತೆಂದು ಹೇಳಲಾರೆ, ಏಕೆಂದರೆ ಬಾರದಿರುವುದನ್ನು ನಾನು ಗಮನಿಸಲೇ ಇಲ್ಲ. ಮಕ್ಕಳಿಗೆ ಹಕ್ಕಿಯ ಹೊಟ್ಟೆಯೊಳಗೆ ಏನಿದೆಯೆಂದು ತೋರಿಸಿದವನೇ ಅದು ಉಣ್ಣುವ ಬಟ್ಟಲನ್ನು ವಾರವಾರವೂ ಆ ಮಕ್ಕಳ ಕೈಯಿಂದಲೇ ಸುಡಿಸುತ್ತಿದ್ದೆ. ಎರಡರ ನಡುವಿನ ಸಂಬಂಧ ಹೊಳೆಯಲು ನನಗೆ ನಿವೃತ್ತಿಯೇ ಆಗಬೇಕಾಯಿತು.

ಹೊಳೆದದ್ದು ನೆರೆಮನೆಯವರ ಬನದಿಂದ. 2009ರಲ್ಲಿ ಅವರು ಬನವನ್ನು 'ಚಂದ' ಮಾಡಿದರು. ಒಂದು ಮರವನ್ನೂ ಕಡಿಯಲಿಲ್ಲ, ಅದು ಅವರ ಹೆಗ್ಗಳಿಕೆ, ನಿಜವೂ ಹೌದು. ಪೊದೆಗಳನ್ನು ಸವರಿ, ತರಗೆಲೆಯನ್ನು ಎರಡು ಟೆಂಪೋ ಹೇರಿ ಸಾಗಿಸಿ, ಮರಗಳ ಬುಡದವರೆಗೂ ಕಾಂಕ್ರೀಟು ಹಾಕಿದರು. ಕೆಲಸ ಆರಂಭಿಸುವ ಮೊದಲು ಅವರು ನನ್ನನ್ನು ಕರೆದು ಅಭಿಪ್ರಾಯ ಕೇಳಿದ್ದರು. ನೆರೆಹೊರೆಯವರ ಮನಸ್ಸು ಏಕೆ ನೋಯಿಸಬೇಕೆಂದು, "ಒಳ್ಳೆಯದೇ ಆಯಿತು" ಎಂದು ಹೇಳಿ ಕಾಫಿ ಕುಡಿದು ಬಂದೆ. ಮುಂದಿನ ಮಳೆಗಾಲ ಅಲ್ಲಿಂದ ಹಾಡು ಕೇಳಲಿಲ್ಲ. ಅದುವರೆಗೆ ಅಲ್ಲಿಯ ಹಕ್ಕಿ ಹಾಡಿದರೆ ನಮ್ಮ ಬನದ ಹಕ್ಕಿ ಉತ್ತರ ಕೊಡುತ್ತಿತ್ತು. ಈಗ ನಮ್ಮದು ಒಂದೇ ಹಾಡುತ್ತದೆ. ಮರಗಳು ಅಲ್ಲೇ ಇದ್ದವು, ನೆರಳೂ ಇತ್ತು, ಹಣ್ಣೂ ಇತ್ತು, ತಿರುವಲು ಎಲೆ ಇರಲಿಲ್ಲ ಅಷ್ಟೆ. ಎರಡು ಬೇಸಗೆ ಕಳೆಯುವಷ್ಟರಲ್ಲಿ ಒಂದು ಸುರಗಿಯೂ ಒಣಗಿತು. ಕಾಂಕ್ರೀಟಿನ ಕೆಳಗೆ ಬೇರಿಗೆ ನೀರೂ ಗಾಳಿಯೂ ಹೋಗದಿದ್ದರೆ ಮರವನ್ನು ಕಡಿಯಬೇಕಾಗಿಯೇ ಇಲ್ಲ.

ತರಗೆಲೆ ಎಂದರೇನು ಎಂಬುದನ್ನು ನಾವು ಕರಾವಳಿಯವರು ಬೇರೆಯವರಿಗಿಂತ ಚೆನ್ನಾಗಿ ತಿಳಿದಿರಬೇಕಿತ್ತು. ಹಟ್ಟಿಗೆ ಹಾಸಿ ಗೊಬ್ಬರ ಮಾಡಿದವರು, ಗುಡ್ಡೆಯಿಂದ ಗುಡಿಸಿ ತಂದು ಸುಡುಮಣ್ಣು ಮಾಡಿ ತರಕಾರಿ ಬೆಳೆದವರು ನಾವು. ನಮ್ಮಲ್ಲಿ ವರ್ಷಕ್ಕೆ 4,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನದು ಜೂನಿನಿಂದ ಸೆಪ್ಟೆಂಬರಿನ ಒಳಗೆ. ಬರಿ ಮುರಕಲ್ಲಿನ ನೆಲದ ಮೇಲೆ ಬಿದ್ದ ಆ ನೀರು ಗಳಿಗೆಯಲ್ಲಿ ತೋಡು ಸೇರಿ, ಹೊಳೆ ಸೇರಿ, ಕಡಲು ಸೇರುತ್ತದೆ. ಎಲೆಯ ಹಾಸಿನ ಮೇಲೆ ಬಿದ್ದದ್ದು ನಿಂತು, ಇಳಿದು, ಮಣ್ಣನ್ನು ಸೇರುತ್ತದೆ. ಏಪ್ರಿಲಿನಲ್ಲಿ ಊರಿನ ಬಾವಿಗಳ ನೀರು ಉಪ್ಪಾಗುತ್ತದೆ ಎಂದು ಸಭೆಗಳಲ್ಲಿ ಮಾತನಾಡುತ್ತೇವೆ. ಹನ್ನೆರಡು ಸೆಂಟ್ಸಿನ ಒಂದು ಬನದಿಂದ ಆ ಉಪ್ಪು ಹೋಗಿಬಿಡುತ್ತದೆ ಎಂದು ನಾನು ಹೇಳಲಾರೆ, ಹಾಗೆ ಹೇಳಿದರೆ ಸುಳ್ಳಾದೀತು. ಊರಿನ ಎಲ್ಲ ಬನ, ಎಲ್ಲ ಅಂಗಳ, ಎಲ್ಲ ಹಿತ್ತಿಲೂ ಒಂದೇ ದಶಕದಲ್ಲಿ ಮುಚ್ಚಿಹೋದರೆ ಏನಾಗುತ್ತದೆ ಎಂಬ ಲೆಕ್ಕವನ್ನು ಮಾತ್ರ ನೀವೇ ಹಾಕಬಹುದು.

"ನಮ್ಮ ಹಿರಿಯರು ದೊಡ್ಡ ಪರಿಸರವಾದಿಗಳಾಗಿದ್ದರು, ಅದಕ್ಕೇ ಬನಗಳನ್ನು ಉಳಿಸಿದರು" ಎಂದು ಭಾಷಣಗಳಲ್ಲಿ ಕೇಳುತ್ತೇವೆ. ನಾನಿದನ್ನು ಒಪ್ಪುವುದಿಲ್ಲ. ಬನದ ಗಡಿಯಿಂದ ಒಂದು ಅಡಿ ಆಚೆಗೆ ನನ್ನ ಅಜ್ಜನೇ ಗುಡ್ಡೆಯನ್ನೆಲ್ಲ ಬೋಳು ಬೋಳಾಗಿ ಕೆರೆಸಿದ್ದಾನೆ. ಬನದೊಳಗೆ ಕೈಹಾಕದೇ ಇದ್ದದ್ದು ಭಯದಿಂದ. ಆ ಭಯ ಯಾವ ಉದ್ದೇಶದಿಂದ ಹುಟ್ಟಿತೋ ಇರಲಿ, ಅದರ ಫಲ ಮಾತ್ರ ಅಪೂರ್ವವಾದದ್ದು. ಮಾಧವ ಗಾಡಗೀಳ್ ಮತ್ತು ವರ್ತಕ್ ಅವರು 1970ರ ದಶಕದಲ್ಲಿ ಪಶ್ಚಿಮ ಘಟ್ಟದ ದೇವರಕಾಡುಗಳ ಬಗ್ಗೆ ಬರೆದಾಗ ವಿದ್ವಾಂಸರ ಗಮನ ಇತ್ತ ಹರಿಯಿತು. ಕೊಡಗಿನಲ್ಲಂತೂ ಸಾವಿರಕ್ಕೂ ಮಿಕ್ಕಿದ ದೇವರಕಾಡುಗಳಿವೆ. ನಮ್ಮ ತುಳುನಾಡಿನ ನಾಗಬನಗಳು ಅವುಗಳ ಮುಂದೆ ಅಂಗೈಯಗಲದವು. ಆದರೆ ಮನೆಮನೆಗೂ ಒಂದೊಂದು ಎಂಬಂತೆ ಹಬ್ಬಿದ್ದುದು ಇವುಗಳ ವಿಶೇಷ. ಈಗ ನಮ್ಮಲ್ಲಿ ಭಕ್ತಿ ಹೆಚ್ಚಾಗಿದೆ, ಹಣವೂ ಇದೆ, ಭಯ ಮಾತ್ರ ಹೋಗಿದೆ. ಭಯವಿದ್ದಾಗ ದೂರ ನಿಂತಿದ್ದ ನಾವು ಭಕ್ತಿ ಹೆಚ್ಚಿದಾಗ ಗುದ್ದಲಿ ಹಿಡಿದು ಒಳಗೆ ಬಂದೆವು.

ವಿರೋಧದ ಮಾತುಗಳೂ ನನಗೆ ಗೊತ್ತು, ಅವು ನಿರಾಧಾರವಾದವಲ್ಲ. ಪಂಚಮಿಯ ದಿನ ಈಗ ಎಂಬತ್ತು ಜನ ಬರುತ್ತಾರೆ. ಮಳೆಯಲ್ಲಿ ಕೊಳೆತ ಎಲೆಯ ಮೇಲೆ ಅತ್ತಿಗೆ ಕಾಲು ಜಾರಿ ಬಿದ್ದು ಮೂರು ತಿಂಗಳು ಹಾಸಿಗೆ ಹಿಡಿದದ್ದನ್ನು ನಾನು ಮರೆತಿಲ್ಲ. ತರಗೆಲೆಯ ಅಡಿಯಲ್ಲಿ ಹಾವಿರಬಹುದು ಎಂದು ಸೊಸೆಯಂದಿರು ಮಕ್ಕಳನ್ನು ಕಳುಹಿಸಲು ಹಿಂಜರಿಯುತ್ತಾರೆ. ನಾಗನ ಬನದಲ್ಲಿ ಹಾವಿರಬಾರದು ಎಂಬುದು ಸ್ವಲ್ಪ ವಿಚಿತ್ರವಾದ ಬೇಡಿಕೆ ಎಂದು ನನಗೆ ತೋರಿದರೂ ತಾಯಂದಿರ ಅಳುಕನ್ನು ನಗೆಯಾಡಲಾರೆ. ಇನ್ನು ಕೆಲವರು, "ಈ ಹಕ್ಕಿಯೇನು ಅಳಿವಿನಂಚಿನಲ್ಲಿ ಇದೆಯೇ?" ಎಂದು ಕೇಳಬಹುದು. ಇಲ್ಲ. ಜಾಗತಿಕ ಪಟ್ಟಿಯಲ್ಲಿ ಇದನ್ನು ಆತಂಕವಿಲ್ಲದ ಜಾತಿಗಳ ಸಾಲಿಗೆ ಸೇರಿಸಿದ್ದಾರೆ. ಹಿಮಾಲಯದ ತಪ್ಪಲಿನಿಂದ ಜಾವಾದವರೆಗೆ ಇದರ ಹರವು ಇದೆ. ಸೋಮೇಶ್ವರದ ಕಾಡಿನಲ್ಲಿ, ಆಗುಂಬೆಯ ಕಾಡಿನಲ್ಲಿ ನಾಳೆಯೂ ಇದು ಹಾಡುತ್ತದೆ. ಆದರೆ ಕಾಶಿಯಲ್ಲಿ ಗಂಗೆ ತುಂಬಿ ಹರಿಯುತ್ತಿದೆ ಎಂದು ನಮ್ಮ ಬಾವಿಯನ್ನು ಯಾರೂ ಮುಚ್ಚುವುದಿಲ್ಲ. ನಾನು ಕೇಳುತ್ತಿರುವುದು ಜಾತಿಯೊಂದರ ಉಳಿವನ್ನಲ್ಲ, ಕೆಮ್ಮಣ್ಣಿನ ಒಂದು ಬೆಳಗನ್ನು.

ಹಣ ಉಳಿದರೆ ಹತ್ತು ಗಿಡ ನೆಡೋಣ ಎಂದೂ ಪಟ್ಟಿ ಮಾಡಿದವರು ಸೂಚಿಸಿದ್ದಾರೆ. ಸದುದ್ದೇಶವೇ. ಆದರೆ ವನಮಹೋತ್ಸವದ ನಮ್ಮ ಪಾಠಗಳಲ್ಲಿಯೇ ಒಂದು ಕೊರತೆಯಿತ್ತೆಂದು ಈಗ ಅನ್ನಿಸುತ್ತದೆ. ಕಾಡು ಎಂದರೆ ಮರಗಳು ಎಂದು ಕಲಿಸಿದೆವು. ಮರ ಕಾಡಿನ ಮಾಡು ಮಾತ್ರ, ವಾಸವೆಲ್ಲ ನೆಲದಲ್ಲಿ. ಹೊನ್ನೆಯ ಎಲೆ ಚರ್ಮದಂತೆ ದಪ್ಪ, ಕೊಳೆಯಲು ತಿಂಗಳುಗಟ್ಟಲೆ ಬೇಕು. ಅದು ನಿಧಾನವಾಗಿ ಕೊಳೆಯುವುದರಿಂದಲೇ ಬೇಸಗೆಯಲ್ಲೂ ಅಡಿಯ ಮಣ್ಣು ತೇವವಾಗಿರುತ್ತದೆ, ಎರೆಹುಳ ಮೇಲೆಯೇ ಸಿಗುತ್ತದೆ. ಇಂತಹ ಹಾಸು ನಮ್ಮ ಬನದಲ್ಲಿ ಎಷ್ಟು ತಲೆಮಾರುಗಳಿಂದ ಕೂಡಿ ಬಂದಿದೆಯೋ! ಅದನ್ನು ಟೆಂಪೋದಲ್ಲಿ ಸಾಗಿಸಲು ಒಂದು ಮಧ್ಯಾಹ್ನ ಸಾಕು.

ಆದ್ದರಿಂದ ನನ್ನ ಅಭಿಪ್ರಾಯ ಹೀಗಿದೆ. ನಾಗನ ಕಟ್ಟೆ ಬಿರುಕು ಬಿಟ್ಟಿದೆ, ಅದನ್ನು ಕಟ್ಟಲೇಬೇಕು. ಗ್ರಾನೈಟು ಬೇಕೋ ಮುರಕಲ್ಲು ಸಾಕೋ ಎಂಬುದನ್ನು ಪುರೋಹಿತರೂ ಹಣ ಕೊಡುವವರೂ ಕೂಡಿ ತೀರ್ಮಾನಿಸಲಿ. ಮನೆಯಂಗಳದಿಂದ ಕಟ್ಟೆಯವರೆಗೆ ಐದಡಿ ಅಗಲದ ಮುರಕಲ್ಲಿನ ದಾರಿ ಹಾಸೋಣ, ಜಾರದಂತೆ. ಬದಿಗೆ ಹಿಡಿದುಕೊಳ್ಳಲು ಒಂದು ಕೈಗಂಬಿಯೂ ಇರಲಿ, ನನಗೂ ಬೇಕಾದೀತು. ಕಟ್ಟೆಯ ಮುಂದೆ ಹತ್ತು ಹದಿನೈದು ಜನ ನಿಲ್ಲುವಷ್ಟು ಜಾಗಕ್ಕೆ ಕಲ್ಲು ಸಾಕು, ಉಳಿದವರು ಅಂಗಳದಲ್ಲಿ ಚಪ್ಪರದ ಕೆಳಗೆ ನಿಲ್ಲಬಹುದು, ಹಿಂದೆಯೂ ಹಾಗೆಯೇ ನಿಲ್ಲುತ್ತಿದ್ದರು. ದಾರಿಯ ಎರಡು ಬದಿಗೆ ಪೊರಕೆ, ಕತ್ತಿ, ಬೆಂಕಿ ಯಾವುದೂ ಬೇಡ. ಆವರಣಗೋಡೆಯ ಬದಲು ಕೇಪಳದ ಬೇಲಿ. ರಾತ್ರಿಯಿಡೀ ಉರಿಯುವ ದೀಪ ಬೇಡ, ಹಣತೆ ಸಾಕು. ಪಟ್ಟಿಯ ಮೊತ್ತದ ಅರ್ಧಕ್ಕಿಂತಲೂ ಕಡಿಮೆಯಲ್ಲಿ ಇದು ಮುಗಿಯುತ್ತದೆ. ಉಳಿದ ಹಣವನ್ನು ಯಾವ ಮಗುವಿನ ಶಾಲಾ ಶುಲ್ಕಕ್ಕೆ ಕೊಡಬಹುದೆಂದು ಕೇಳಿದರೆ ಹೆಸರುಗಳನ್ನು ಕೊಡಬಲ್ಲೆ.

ಇದು ಆದೇಶವಲ್ಲ. ಬನ ಇಡೀ ಕುಟುಂಬದ್ದು, ಹಿರಿಯನೆಂಬ ಮಾತ್ರಕ್ಕೆ ನನ್ನ ಮಾತೇ ಅಂತಿಮವಾಗಬೇಕಿಲ್ಲ. ನೆರೆಮನೆಯಲ್ಲಿ ಕಾಫಿ ಕುಡಿದು ಸುಮ್ಮನೆ ಬಂದಂತೆ ಈ ಬಾರಿ ಬರಲಾರೆ, ಅಷ್ಟೆ. ಕುಟುಂಬದ ಸಭೆಯಲ್ಲಿ ಕಾಂಕ್ರೀಟಿನ ಪರವಾಗಿ ಹೆಚ್ಚು ಕೈಗಳೆದ್ದರೆ ನನ್ನ ಪಾಲಿನ ಹಣವನ್ನು ಕಟ್ಟೆಗೆಂದು ಕೊಡುತ್ತೇನೆ, ನೆಲಕ್ಕೆ ಕೊಡುವುದಿಲ್ಲ ಎಂದು ಈಗಲೇ ತಿಳಿಸಿಬಿಡುತ್ತೇನೆ.

ತೀರ್ಮಾನಿಸುವ ಮೊದಲು ಒಂದು ಕೋರಿಕೆ. ನಾಗರಪಂಚಮಿ ಬೀಳುವುದು ಈ ಹಕ್ಕಿ ಗೂಡು ಕಟ್ಟುವ ಕಾಲದಲ್ಲಿಯೇ. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಅದರ ಬಾಣಂತನ. ಆಳೆತ್ತರಕ್ಕೆ ತುಸು ಮೇಲೆ, ಕವಲಿನಲ್ಲಿ, ಕಡ್ಡಿ, ಬೇರು, ಹಾವಸೆಗಳ ಆಳವಿಲ್ಲದ ಬಟ್ಟಲು. ಮೂರೋ ನಾಲ್ಕೋ ಮೊಟ್ಟೆ, ಹದಿಮೂರು ಹದಿನಾಲ್ಕು ದಿನ ಕಾವು, ಮತ್ತೆ ಹನ್ನೆರಡು ದಿನಕ್ಕೆ ಮರಿಗಳು ಗೂಡು ಬಿಡುತ್ತವೆ. ತಂದೆ ತಾಯಿ ಇಬ್ಬರೂ ಗುಟುಕು ತರುತ್ತಾರೆ, ಕೊಕ್ಕಿನ ಎರಡು ಬದಿಗೂ ಎರೆಹುಳಗಳು ಜೋತಾಡುತ್ತಿರುತ್ತವೆ. ಕಳೆದ ವರ್ಷ ಗೂಡು ಇದ್ದದ್ದು ಕಾಸರಕದ ಕವಲಿನಲ್ಲಿ. ಈ ವರ್ಷ ಎಲ್ಲಿಯೆಂದು ಇನ್ನೂ ನೋಡಿಲ್ಲ, ನೋಡಲು ಒಳಗೆ ಹೋಗಿಯೂ ಇಲ್ಲ. ಬೆಂಗಳೂರಿನಿಂದ ಬರುವವರು ಪಂಚಮಿಯ ಬೆಳಿಗ್ಗೆ ಹತ್ತು ಗಂಟೆಗೆ ಕಾರಿನಿಂದ ಇಳಿಯುವ ಬದಲು ಹಿಂದಿನ ದಿನ ಸಂಜೆಯೇ ಬಂದುಬಿಡಿ. ಮಹಡಿಯ ಕೋಣೆಯನ್ನು ತೆಗೆಸಿ ಇಟ್ಟಿರುತ್ತೇನೆ. ಬೆಳಿಗ್ಗೆ ಆರಕ್ಕೆ ಮುಂಚೆ ಎದ್ದು, ಮಕ್ಕಳನ್ನೂ ಎಬ್ಬಿಸಿ, ಛತ್ರಿ ಹಿಡಿದುಕೊಂಡು ಕಟ್ಟಪುಣಿಯ ಬಳಿಗೆ ಬನ್ನಿ. ಮಾತನಾಡಬಾರದು, ಮೊಬೈಲು ತರಬಾರದು. ಕಾಫಿ ಆಮೇಲೆ.